ಮೈಲಿನ್ ಪ್ರತಿಕಾಯಕ್ಕೆ ಬ್ಲಾಕಿಂಗ್ ಪೆಪ್ಟೈಡ್: ಬಳಸುವ ಕ್ರಮ, ತಪ್ಪುವ ಜಾಗಗಳು

ನರವಿಜ್ಞಾನದ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿಕಾಯದ ಜೊತೆಗೆ ತರಿಸಿಕೊಂಡ ಬ್ಲಾಕಿಂಗ್ ಪೆಪ್ಟೈಡನ್ನು ಎಷ್ಟು ಹಾಕಬೇಕು? ಅದನ್ನು ಹಾಕಿದಾಗ ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕದಂತೆ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಕಾಣುವ ಗೆರೆ, ಅಂದರೆ ಬ್ಯಾಂಡ್, ಮಾಯವಾದರೆ ಪ್ರತಿಕಾಯ ನಂಬಿಕೆಗೆ ಅರ್ಹ ಎಂದು ಬರೆಯಬಹುದೇ? ಮೊದಲನೆಯದಕ್ಕೆ ಸರಳ ಲೆಕ್ಕವೇ ಉತ್ತರ. ಎರಡನೆಯದಕ್ಕೆ ಉತ್ತರ ‘ಅಷ್ಟರಿಂದಲೇ ಬರೆಯಲಾಗದು’. ಏಕೆ ಬರೆಯಲಾಗದು ಎಂಬುದು ಮೊದಲೇ ತಿಳಿದಿದ್ದರೆ ಪ್ರಯೋಗವನ್ನು ರೂಪಿಸುವ ಬಗೆಯೇ ಬದಲಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಪಿಪೆಟ್ಟಿನ ಕೆಲಸಕ್ಕಿಂತ ಫಲಿತಾಂಶವನ್ನು ಓದುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕೆಲವು ಪದಗಳು

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಗೆ, ಕೈಕಾಲುಗಳ ಉದ್ದಕ್ಕೂ ಹರಡಿರುವ ನರಗಳು ಬಾಹ್ಯ ನರಗಳು. ಈ ನರತಂತುಗಳಿಗೆ ಶ್ವಾನ್ ಕೋಶಗಳು ಸುರುಳಿಯಾಗಿ ಸುತ್ತಿಕೊಂಡು ಕಟ್ಟುವ ಕೊಬ್ಬಿನಂಶದ ಹೊದಿಕೆಯೇ ಮೈಲಿನ್. ಅದರಲ್ಲಿರುವ ಪ್ರೋಟೀನುಗಳ ಪೈಕಿ ನಿಮಗೆ ಹೆಚ್ಚಾಗಿ ಎದುರಾಗುವವು ನಾಲ್ಕು. ಮೊದಲನೆಯದು ಪಿ0. ಬಾಹ್ಯ ಮೈಲಿನ್‌ನ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ; ತೂಕ ಸುಮಾರು 28ರಿಂದ 30 ಕಿಲೋಡಾಲ್ಟನ್ (ಅಣುಗಳ ತೂಕದ ಮಾನ). ಎರಡನೆಯದು ಪಿಎಂಪಿ22. ಇದು ಕೋಶಪೊರೆಯನ್ನು ನಾಲ್ಕು ಬಾರಿ ಹಾದುಹೋಗುವ, 160 ಅಮೈನೋ ಆಮ್ಲಗಳ ಪ್ರೋಟೀನು. ಇದರ ವಂಶವಾಹಿ ಇರುವ, 17ನೇ ವರ್ಣತಂತುವಿನ ತುಣುಕು ಇಮ್ಮಡಿಯಾದಾಗ ಬರುವುದೇ ಶಾರ್ಕೋ-ಮರಿ-ಟೂತ್ ನರರೋಗದ 1ಎ ಬಗೆ. ಮೂರನೆಯದು ಮೈಲಿನ್ ಬೇಸಿಕ್ ಪ್ರೋಟೀನ್, ನಾಲ್ಕನೆಯದು 14–15 ಕಿಲೋಡಾಲ್ಟನ್ ತೂಗುವ ಪಿ2.

ಪ್ರತಿಕಾಯವು ಪ್ರೋಟೀನನ್ನು ಇಡಿಯಾಗಿ ಗುರುತಿಸುವುದಿಲ್ಲ. ಅದರ ಒಂದು ಸಣ್ಣ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆ ಭಾಗಕ್ಕೆ ಎಪಿಟೋಪ್ ಎಂದು ಹೆಸರು. ಹತ್ತಿಪ್ಪತ್ತು ಅಮೈನೋ ಆಮ್ಲಗಳನ್ನು ಯಂತ್ರದಲ್ಲಿ ಜೋಡಿಸಿ ಮಾಡಿದ ಪೆಪ್ಟೈಡನ್ನು ಪ್ರಾಣಿಗೆ ಚುಚ್ಚಿ ಪ್ರತಿಕಾಯ ಪಡೆದಿದ್ದರೆ, ಅದೇ ಪೆಪ್ಟೈಡು ಬ್ಲಾಕಿಂಗ್ ಪೆಪ್ಟೈಡ್ ಆಗಿಯೂ ಮಾರಾಟಕ್ಕೆ ಸಿಗುತ್ತದೆ. ಕೆಲಸದ ತತ್ವ ಸರಳ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಪೆಪ್ಟೈಡು ಪ್ರತಿಕಾಯದ ಹಿಡಿತದ ಜಾಗವನ್ನು ಮೊದಲೇ ತುಂಬಿಬಿಡುತ್ತದೆ. ಆಮೇಲೆ ಅಂಗಾಂಶದ ಪ್ರೋಟೀನು ಎದುರಾದರೂ ಅದಕ್ಕೆ ಜಾಗವಿರುವುದಿಲ್ಲ, ಸಂಕೇತ ಇಳಿಯುತ್ತದೆ.

ಹೆಸರಿನಿಂದ ಆಗುವ ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಮೆಂಬ್ರೇನನ್ನು ಹಾಲಿನ ಪುಡಿ ಅಥವಾ ಆಲ್ಬುಮಿನ್ ದ್ರಾವಣದಲ್ಲಿ ನೆನೆಸುವುದಕ್ಕೂ ‘ಬ್ಲಾಕಿಂಗ್’ ಎನ್ನುತ್ತಾರೆ. ಅದು ಮೆಂಬ್ರೇನಿನ ಖಾಲಿ ಜಾಗವನ್ನು ಮುಚ್ಚುವ ಕೆಲಸ. ಪೆಪ್ಟೈಡಿನದು ಪ್ರತಿಕಾಯವನ್ನು ತಡೆಯುವ ಕೆಲಸ. ಪೆಪ್ಟೈಡನ್ನು ಮೆಂಬ್ರೇನಿನ ಮೇಲೆ ಸುರಿದು, ಆಮೇಲೆ ಪ್ರತಿಕಾಯ ಹಾಕಿದರೆ ಪ್ರಯೋಗ ಕೆಟ್ಟಂತೆಯೇ.

ಬೇಕಾಗುವ ವಸ್ತುಗಳು

ಪರೀಕ್ಷಿಸಬೇಕಾದ ಪ್ರತಿಕಾಯ, ಅದಕ್ಕೆ ಹೊಂದುವ ಪೆಪ್ಟೈಡ್ ಮತ್ತು ಅದೇ ಅಮೈನೋ ಆಮ್ಲಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ‘ಕಲಸಿದ’ ಪೆಪ್ಟೈಡ್. ಈ ಮೂರನೆಯದು ಸಿಗದಿದ್ದರೆ ಸಂಬಂಧವಿಲ್ಲದ, ಅಷ್ಟೇ ಉದ್ದದ ಯಾವುದಾದರೂ ಪೆಪ್ಟೈಡ್ ಸಾಕು. ಜೊತೆಗೆ ತೊಡೆಯ ಹಿಂಬದಿಯಲ್ಲಿ ಸಾಗುವ ಬಾಹ್ಯ ನರವಾದ ಸಯಾಟಿಕ್ ನರದ ಮಾದರಿ ಮತ್ತು, ಸಾಧ್ಯವಿದ್ದರೆ, ಅದೇ ಪ್ರಾಣಿಯ ಕಣ್ಣಿನ ನರ ಅಥವಾ ಮಿದುಳು. ಈ ಕೊನೆಯದನ್ನು ಹೆಚ್ಚಿನವರು ತೆಗೆದಿಡುವುದಿಲ್ಲ. ದಯವಿಟ್ಟು ತೆಗೆದಿಡಿ; ಏಕೆಂಬುದು ಮುಂದೆ ತಿಳಿಯುತ್ತದೆ. ಪ್ರಾಣಿಯ ಅಂಗಾಂಶಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ರೋಗಿಗಳ ನರದ ಬಯಾಪ್ಸಿಯ ಮೇಲೆ ಕೆಲಸ ಮಾಡುವವರಿಗೆ ಮಾನವ ನೈತಿಕ ಸಮಿತಿಯ ಒಪ್ಪಿಗೆಯೇ ಬೇಕು.

ಜೆಲ್ ಎರೆಯುವಾಗ ಕೈಗವಸು ಕಡ್ಡಾಯ. ಗಟ್ಟಿಯಾಗುವ ಮುನ್ನ ಅಕ್ರಿಲಮೈಡ್ ವಿಷ. ಅದು ಹಾನಿ ಮಾಡುವುದು ನಾವು ಅಧ್ಯಯನ ಮಾಡುತ್ತಿರುವ ಈ ಬಾಹ್ಯ ನರಗಳಿಗೇ.

ಹಂತ 1: ಪೆಪ್ಟೈಡಿನ ಅನುಕ್ರಮವನ್ನು ಓದಿ

ಸೀಸೆ ತೆರೆಯುವ ಮೊದಲು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಪೆಪ್ಟೈಡಿನಲ್ಲಿ ಯಾವ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿವೆ ಎಂದು ಮಾರಾಟಗಾರರನ್ನು ಕೇಳಿ. ಕೆಲವರು ಗುಟ್ಟೆಂದು ಹೇಳುವುದಿಲ್ಲ. ಆಯ್ಕೆ ಇದ್ದರೆ ಹೇಳುವವರಿಂದಲೇ ಕೊಳ್ಳಿ ಎಂಬುದು ನನ್ನ ಸಲಹೆ. ಅನುಕ್ರಮ ಗೊತ್ತಿಲ್ಲದ ಪೆಪ್ಟೈಡಿನಿಂದ ಬಂದ ಫಲಿತಾಂಶವನ್ನು ವಿವರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಅನುಕ್ರಮ ಸಿಕ್ಕಿತೆಂದರೆ ಉಚಿತವಾಗಿ ಲಭ್ಯವಿರುವ ಯೂನಿಪ್ರಾಟ್ ಎಂಬ ಪ್ರೋಟೀನುಗಳ ದತ್ತಸಂಚಯದಲ್ಲಿ ಹುಡುಕಿ. ಮಾನವ ಪಿ0ದ ದಾಖಲೆ ಪಿ25189, ಪಿಎಂಪಿ22ರದು ಕ್ಯೂ01453. ಎರಡು ವಿಷಯ ನೋಡಬೇಕು. ಮಾನವ ಅನುಕ್ರಮಕ್ಕೆ ಮಾಡಿದ ಪೆಪ್ಟೈಡು ನಿಮ್ಮ ಇಲಿಯ ಪ್ರೋಟೀನಿಗೆ ಅಕ್ಷರಶಃ ಹೊಂದುತ್ತದೆಯೇ? ಬೇರೆ ಯಾವುದಾದರೂ ಪ್ರೋಟೀನಿನಲ್ಲಿ ಅದೇ ತುಣುಕು, ಇಲ್ಲವೇ ಅದನ್ನು ಹೋಲುವ ತುಣುಕು ಇದೆಯೇ? ಎರಡನೆಯದಕ್ಕೆ ಅನುಕ್ರಮಗಳನ್ನು ಹೋಲಿಸುವ ಬ್ಲಾಸ್ಟ್ ಎಂಬ ತಂತ್ರಾಂಶದ ಹುಡುಕಾಟ ಸಾಕು.

ಇಲ್ಲಿ ಪಿ0ದಲ್ಲಿ ಕಾಡುವ ಒಂದು ತೊಡಕಿದೆ. ಈ ಪ್ರೋಟೀನು ಹುಟ್ಟುವಾಗ 29 ಅಮೈನೋ ಆಮ್ಲಗಳ ಮುಂಬಾಲ ಹೊತ್ತಿರುತ್ತದೆ, ಆಮೇಲೆ ಅದು ಕತ್ತರಿಸಿಹೋಗುತ್ತದೆ. ಕೆಲವು ಪ್ರಬಂಧಗಳು ಮುಂಬಾಲವನ್ನು ಸೇರಿಸಿ ಎಣಿಸುತ್ತವೆ, ಕೆಲವು ಬಿಟ್ಟು ಎಣಿಸುತ್ತವೆ. ಹಾಗಾಗಿ ಸಕ್ಕರೆ ಸರಪಳಿ ಅಂಟುವ ಆಸ್ಪರಜಿನ್ ಒಂದು ಕಡೆ 93ನೇ ಸ್ಥಾನದಲ್ಲಿದ್ದರೆ ಇನ್ನೊಂದು ಕಡೆ 122ನೆಯದಾಗಿರುತ್ತದೆ. ಸಂಖ್ಯೆಯನ್ನು ನಂಬಿ ಪೆಪ್ಟೈಡ್ ಆರಿಸಬೇಡಿ, ಅಕ್ಷರಗಳನ್ನು ಹೋಲಿಸಿಯೇ ಆರಿಸಿ. ಇದಲ್ಲದೆ ಪಿ0ಗೆ ಹಿಂಬದಿಯಲ್ಲಿ 60ಕ್ಕೂ ಹೆಚ್ಚು ಅಮೈನೋ ಆಮ್ಲಗಳು ಉದ್ದವಾಗಿರುವ ಇನ್ನೊಂದು ರೂಪವೂ ಇದೆ. ಪ್ರೋಟೀನು ತಯಾರಾಗುವಾಗ ನಿಲುಗಡೆಯ ಸಂಕೇತವನ್ನು ದಾಟಿಹೋದಾಗ ಅದು ಹುಟ್ಟುತ್ತದೆ. ನಿಮ್ಮ ಪೆಪ್ಟೈಡು ಎರಡಕ್ಕೂ ಸಾಮಾನ್ಯವಾದ ಭಾಗದ್ದಾದರೆ ಎರಡು ಬ್ಯಾಂಡುಗಳೂ ಒಟ್ಟಿಗೆ ಮಾಯವಾಗುವುದು ಸಹಜ.

ಹಂತ 2: ಕರಗಿಸುವುದು, ಕಾಪಿಡುವುದು

ಪೆಪ್ಟೈಡು ಸಾಮಾನ್ಯವಾಗಿ ಒಣ ಪುಡಿಯಾಗಿ ಬರುತ್ತದೆ. ಫ್ರೀಜರಿನಿಂದ ತೆಗೆದ ಸೀಸೆ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ತಣ್ಣನೆಯ ಪುಡಿ ಗಾಳಿಯ ತೇವವನ್ನು ಹೀರಿಕೊಂಡು ಮುದ್ದೆಯಾಗುತ್ತದೆ. ಮಳೆಗಾಲದ ಮಂಗಳೂರು, ಮಣಿಪಾಲದಂಥ ಊರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಪುಡಿ ಎಷ್ಟೋ ವೇಳೆ ಕಣ್ಣಿಗೇ ಕಾಣದಷ್ಟು ತೆಳುವಾಗಿ ಗಾಜಿಗೆ ಅಂಟಿರುತ್ತದೆ. ಸೀಸೆ ಖಾಲಿ ಎಂದು ಎಸೆಯಬೇಡಿ, ಸೆಂಟ್ರಿಫ್ಯೂಜಿನಲ್ಲಿ ಒಮ್ಮೆ ತಿರುಗಿಸಿ ತಳಕ್ಕೆ ಇಳಿಸಿ.

ಮೊದಲು ಶುದ್ಧ ನೀರಿನಲ್ಲಿ ಕರಗಿಸಿ ನೋಡಿ. ಮಿಲಿಲೀಟರಿಗೆ 1 ಮಿಲಿಗ್ರಾಂ ಅನುಕೂಲದ ಪ್ರಮಾಣ. ಲೈಸೀನ್, ಆರ್ಜಿನೀನ್ ಹೆಚ್ಚಿರುವ ಪೆಪ್ಟೈಡುಗಳು ನೀರಿನಲ್ಲೇ ಕರಗುತ್ತವೆ, ಹಟ ಹಿಡಿದರೆ ಒಂದಿಷ್ಟು ಅಸಿಟಿಕ್ ಆಮ್ಲ ಸೇರಿಸಿ. ಪಿ0ದ ಕೋಶದೊಳಗಿನ ತುದಿಯ ಪೆಪ್ಟೈಡುಗಳು ಈ ಗುಂಪಿನವು. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಹೆಚ್ಚಿದ್ದರೆ ತೆಳು ಅಮೋನಿಯಾ ಬೇಕಾಗಬಹುದು. ನೀರನ್ನು ಒಲ್ಲದ ಪೆಪ್ಟೈಡಿಗೆ ಸಾವಯವ ದ್ರಾವಕವಾದ ಡಿಎಂಎಸ್‌ಓ ಬಳಸುತ್ತಾರೆ. ಆದರೆ ಸಿಸ್ಟೀನ್ ಅಥವಾ ಮಿಥಿಯೋನೀನ್ ಇರುವ ಪೆಪ್ಟೈಡಿಗೆ ಅದು ಬೇಡ, ಅವು ಉತ್ಕರ್ಷಣಗೊಳ್ಳುತ್ತವೆ. ಪ್ರಾಣಿಗೆ ಚುಚ್ಚುವ ಮುನ್ನ ದೊಡ್ಡ ವಾಹಕ ಪ್ರೋಟೀನಿಗೆ ಜೋಡಿಸುವುದಕ್ಕೆಂದೇ ತುದಿಯಲ್ಲಿ ಒಂದು ಸಿಸ್ಟೀನ್ ಸೇರಿಸುವ ರೂಢಿ ಇರುವುದರಿಂದ ಈ ಸಂದರ್ಭ ಅಪರೂಪವಲ್ಲ.

ಕರಗಿದ ಮೇಲೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿಡಿ. ಒಂದೇ ಸೀಸೆಯನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸುವುದು ಬೇಡ. ಪ್ರಮಾಣ ಅಳೆಯಲು, ಬಣ್ಣದ ಬದಲಾವಣೆಯಿಂದ ಪ್ರೋಟೀನು ಅಳೆಯುವ ಬ್ರಾಡ್‌ಫರ್ಡ್ ವಿಧಾನವನ್ನು ನಂಬಬೇಡಿ. ಇಷ್ಟು ಚಿಕ್ಕ ಪೆಪ್ಟೈಡು ಅದರ ಕಣ್ಣಿಗೆ ಬೀಳುವುದಿಲ್ಲ. ಸೀಸೆಯ ಮೇಲಿನ ತೂಕದಲ್ಲಿ ನೀರು ಮತ್ತು ಲವಣದ ಪಾಲೂ ಸೇರಿರುತ್ತದೆ ಎಂಬುದು ನೆನಪಿರಲಿ.

ಹಂತ 3: ಮಾದರಿಯ ತಯಾರಿ

ಕೊಲಾಜೆನ್ ತುಂಬಿದ ನರ ನಾರಿನಂತೆ ಗಟ್ಟಿ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಕುಟ್ಟಿ ಪುಡಿಮಾಡಿ, ಆಮೇಲೆ ಎಸ್‌ಡಿಎಸ್ ಎಂಬ ಮಾರ್ಜಕ ಇರುವ ಬಫರಿನಲ್ಲಿ ಕರಗಿಸಿ. ಪಿಎಂಪಿ22 ಹುಡುಕುವವರು ಮಾದರಿಯನ್ನು ಕುದಿಸಬೇಡಿ. ಪೊರೆಯನ್ನು ಹಲವು ಬಾರಿ ದಾಟುವ ಪ್ರೋಟೀನುಗಳು ಕುದಿಸಿದಾಗ ಒಂದಕ್ಕೊಂದು ಅಂಟಿ ಜೆಲ್ಲಿನ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತವೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು.

ಪಿ0 ಹುಡುಕುವವರ ಕಷ್ಟ ಬೇರೆ. ಜೆಲ್ಲಿನ ಪ್ರತಿ ಬಾವಿಗೆ (ಮಾದರಿ ಹಾಕುವ ಗುಳಿಗೆ) 20 ಮೈಕ್ರೋಗ್ರಾಂ ಹಾಕುವ ಅಭ್ಯಾಸವನ್ನು ಇಲ್ಲಿಗೂ ತಂದರೆ ಬ್ಯಾಂಡ್ ಕರಿಮಸಿಯಾಗಿ ಹರಡುತ್ತದೆ, ಏಕೆಂದರೆ ಈ ಪ್ರೋಟೀನು ಮೈಲಿನ್‌ನಲ್ಲಿ ಅಷ್ಟು ಹೇರಳ. 2ರಿಂದ 5 ಮೈಕ್ರೋಗ್ರಾಂನಿಂದ ಆರಂಭಿಸಿ. ಸಂಕೇತ ತುಂಬಿ ತುಳುಕುತ್ತಿದ್ದರೆ ಪೆಪ್ಟೈಡು ಅರ್ಧ ತಡೆದರೂ ನಿಮಗೆ ಕಾಣುವುದಿಲ್ಲ. ಚಿಕ್ಕ ಪ್ರೋಟೀನುಗಳಿಗೆ 0.2 ಮೈಕ್ರಾನ್ ರಂಧ್ರದ ಮೆಂಬ್ರೇನ್ ಒಳ್ಳೆಯದು.

ಒಂದೇ ಮಾದರಿಯನ್ನು ಒಂದೇ ಜೆಲ್ಲಿನ ಹಲವು ಬಾವಿಗಳಿಗೆ ಹಾಕಿ, ವರ್ಗಾವಣೆಯ ನಂತರ ಮೆಂಬ್ರೇನನ್ನು ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಬೇರೆ ಬೇರೆ ದಿನ ಓಡಿಸಿದ ಜೆಲ್ಲುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಹಂತ 4: ಪ್ರತಿಕಾಯದ ಪ್ರಮಾಣ ಗೊತ್ತುಪಡಿಸಿ

ಪೆಪ್ಟೈಡು ಮುಟ್ಟುವ ಮೊದಲು, ಸ್ಪಷ್ಟ ಬ್ಯಾಂಡ್ ಕೊಡುವ ಅತಿ ಕಡಿಮೆ ಪ್ರತಿಕಾಯ ಎಷ್ಟೆಂದು ಕಂಡುಕೊಳ್ಳಿ. ಮಾರಾಟಗಾರರ ವಿವರಪತ್ರದಲ್ಲಿ ಬರೆದಿರುವ ದುರ್ಬಲೀಕರಣ ನಿಮ್ಮ ಮಾದರಿಗೆ ತಕ್ಕುದಾಗಿರಬೇಕೆಂದಿಲ್ಲ.

ಹಂತ 5: ಲೆಕ್ಕ, ಬೆರಕೆ

ಮಾರಾಟಗಾರರು ಸಾಮಾನ್ಯವಾಗಿ ‘ತೂಕದಲ್ಲಿ ಐದರಿಂದ ಹತ್ತು ಪಟ್ಟು’ ಎಂದು ಬರೆದಿರುತ್ತಾರೆ. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಪ್ರತಿಕಾಯವನ್ನು ಸಾವಿರಕ್ಕೊಂದು ದುರ್ಬಲಗೊಳಿಸಿ ಪಟ್ಟಿಯೊಂದಕ್ಕೆ 2 ಮಿಲಿಲೀಟರ್ ಬಳಸುತ್ತೀರಿ ಎಂದುಕೊಳ್ಳಿ. ಅದರಲ್ಲಿರುವ ಪ್ರತಿಕಾಯ 2 ಮೈಕ್ರೋಗ್ರಾಂ. ಐದು ಪಟ್ಟು ಎಂದರೆ 10 ಮೈಕ್ರೋಗ್ರಾಂ ಪೆಪ್ಟೈಡ್, ನೀವು ಮಾಡಿಟ್ಟ ದ್ರಾವಣದ 10 ಮೈಕ್ರೋಲೀಟರ್.

ಈ ‘ಐದು ಪಟ್ಟು’ ಅಣುಗಳ ಲೆಕ್ಕದಲ್ಲಿ ಏನೆಂದು ಒಮ್ಮೆ ನೋಡಿ. ಪ್ರತಿಕಾಯದ ಅಣುವಿನ ತೂಕ ಸುಮಾರು 1,50,000 ಡಾಲ್ಟನ್. 15 ಅಮೈನೋ ಆಮ್ಲಗಳ ಪೆಪ್ಟೈಡಿನದು ಸುಮಾರು 1,650. ಹಾಗಾಗಿ ಸಮತೂಕದಲ್ಲಿ ಬೆರೆಸಿದರೂ ಒಂದು ಪ್ರತಿಕಾಯಕ್ಕೆ ಸುಮಾರು 90 ಪೆಪ್ಟೈಡ್ ಅಣುಗಳಿರುತ್ತವೆ. ಐದು ಪಟ್ಟಿನಲ್ಲಿ 450 ದಾಟುತ್ತವೆ. ಪ್ರತಿಕಾಯಕ್ಕೆ ಹಿಡಿತದ ಜಾಗ ಎರಡೇ ಇರುವುದರಿಂದ ಒಂದೊಂದು ಜಾಗಕ್ಕೆ ಇನ್ನೂರಕ್ಕೂ ಹೆಚ್ಚು ಪೆಪ್ಟೈಡುಗಳು ಕಾದು ನಿಂತಿವೆ. ಇದು ಭಾರಿ ಪ್ರಮಾಣ. ತಡೆ ಆಗದಿದ್ದಾಗ ಪೆಪ್ಟೈಡನ್ನು ಇನ್ನೂ ಸುರಿಯುತ್ತ ಹೋಗುವುದು ವ್ಯರ್ಥ. ಕಾರಣ ಬೇರೆಲ್ಲೋ ಇದೆ.

ಈ ಲೆಕ್ಕದಿಂದಲೇ ಒಂದು ಉತ್ತಮ ಪ್ರಯೋಗ ಹುಟ್ಟುತ್ತದೆ. ಒಂದೇ ಪ್ರಮಾಣದ ಬದಲು ತೂಕದಲ್ಲಿ 0.01, 0.1, 1 ಮತ್ತು 5 ಪಟ್ಟು ಪೆಪ್ಟೈಡ್ ಹಾಕಿ ಸಾಲಾಗಿ ನೋಡಿ. 0.01ರಲ್ಲಿ ಎರಡು ಜಾಗಕ್ಕೆ ಒಂದು ಅಣುವಿನಷ್ಟೂ ಇರುವುದಿಲ್ಲ, ಬ್ಯಾಂಡ್ ಬಹುಮಟ್ಟಿಗೆ ಉಳಿಯಬೇಕು. ಅಲ್ಲಿಂದ ಮೇಲಕ್ಕೆ ಹಂತಹಂತವಾಗಿ ಕುಂದುತ್ತ ಬಂದರೆ ಅದು ನಿಜವಾದ ಪೈಪೋಟಿ. ಒಂದೇ ಪ್ರಮಾಣದ ‘ಇದೆ–ಇಲ್ಲ’ ಚಿತ್ರಕ್ಕಿಂತ ಈ ಸಾಲು ಎಷ್ಟೋ ಪಾಲು ಹೆಚ್ಚು ನಂಬಿಕೆಗೆ ಅರ್ಹ.

ಪ್ರತಿಕಾಯ ಮತ್ತು ಪೆಪ್ಟೈಡನ್ನು ಸ್ವಲ್ಪ ಆಲ್ಬುಮಿನ್ ಇರುವ ಸುಮಾರು ಅರ್ಧ ಮಿಲಿಲೀಟರ್ ಬಫರಿನಲ್ಲಿ ಬೆರೆಸಿ. ಆಲ್ಬುಮಿನ್ ಇಲ್ಲದಿದ್ದರೆ ಅಲ್ಪ ಪ್ರಮಾಣದ ಪ್ರತಿಕಾಯ ಪ್ಲಾಸ್ಟಿಕ್ ಗೋಡೆಗೇ ಅಂಟಿ ಕಳೆದುಹೋಗುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಎರಡು ಗಂಟೆ ಅಥವಾ 4 ಡಿಗ್ರಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ತಿರುಗಿಸಿ. ನಂತರ ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ಹತ್ತು ಹದಿನೈದು ನಿಮಿಷ ತಿರುಗಿಸಿ ಗಂಟುಗಳನ್ನು ತೆಗೆದು, ಮೇಲಿನ ದ್ರವವನ್ನು ಬೇಕಾದ ಪ್ರಮಾಣಕ್ಕೆ ತೆಳುಮಾಡಿ ಬಳಸಿ.

ಹಂತ 6: ನಾಲ್ಕು ಪಟ್ಟಿಗಳು

ಒಂದಕ್ಕೆ ಪ್ರತಿಕಾಯ ಮತ್ತು ಪೆಪ್ಟೈಡ್. ಇನ್ನೊಂದಕ್ಕೆ ಪ್ರತಿಕಾಯ ಮತ್ತು ಪೆಪ್ಟೈಡ್ ಕರಗಿಸಿದ ಅದೇ ದ್ರವ, ಅಷ್ಟೇ ಅಳತೆ. ಮೂರನೆಯದಕ್ಕೆ ಪ್ರತಿಕಾಯ ಮತ್ತು ಕಲಸಿದ ಪೆಪ್ಟೈಡ್. ನಾಲ್ಕನೆಯದಕ್ಕೆ ಎರಡನೇ ಪ್ರತಿಕಾಯ, ಅಂದರೆ ಮೊದಲ ಪ್ರತಿಕಾಯವನ್ನು ಹಿಡಿದು ಸಂಕೇತ ತೋರಿಸುವ ಪ್ರತಿಕಾಯ, ಮಾತ್ರ. ನಾಲ್ಕೂ ಟ್ಯೂಬುಗಳು ಅಷ್ಟೇ ಹೊತ್ತು, ಅದೇ ಉಷ್ಣಾಂಶದಲ್ಲಿ ತಿರುಗಿರಬೇಕು. ಪ್ರತಿಕಾಯ ಬರೀ ಹೊತ್ತು ಕಳೆದದ್ದರಿಂದಲೇ ದುರ್ಬಲವಾಗಿದ್ದರೆ ಎರಡನೇ ಪಟ್ಟಿ ಅದನ್ನು ಹೇಳುತ್ತದೆ. ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಎಂಬ, ಸಂಕೇತ ಹೊಮ್ಮಿಸುವ ಕಿಣ್ವ ಬಳಸುವವರ ತೊಳೆಯುವ ಬಫರಿನಲ್ಲಿ ಸೋಡಿಯಂ ಅಜೈಡ್ ಇರಬಾರದು, ಅದು ಆ ಕಿಣ್ವವನ್ನು ನಿಲ್ಲಿಸುತ್ತದೆ. ನಾಲ್ಕೂ ಪಟ್ಟಿಗಳ ಚಿತ್ರ ಒಂದೇ ಚೌಕಟ್ಟಿನಲ್ಲಿ, ಒಂದೇ ಅವಧಿಯಲ್ಲಿ ತೆಗೆಯಿರಿ.

ಮೂರನೇ ಪಟ್ಟಿಯನ್ನು ಹಣ ಉಳಿಸಲೆಂದು ಕೈಬಿಡುವವರು ಬಹಳ. ಅದಿಲ್ಲದೆ, ಯಾವ ಪೆಪ್ಟೈಡು ಹಾಕಿದ್ದರೂ ಸಂಕೇತ ಇಳಿಯುತ್ತಿತ್ತೇನೋ ಎಂಬ ಅನುಮಾನಕ್ಕೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಹಂತ 7: ಫಲಿತಾಂಶ ಓದುವುದು

ನಿಮಗೆ ಬೇಕಾದ ಬ್ಯಾಂಡ್ ಮೊದಲ ಪಟ್ಟಿಯಲ್ಲಿ ಮಾತ್ರ ಮಾಯವಾಗಿದೆ ಎಂದುಕೊಳ್ಳಿ. ಇದರಿಂದ ತಿಳಿದದ್ದು ಇಷ್ಟು: ಆ ಬ್ಯಾಂಡನ್ನು ಹಿಡಿದಿದ್ದು ಪ್ರತಿಕಾಯದ ಹಿಡಿತದ ಜಾಗವೇ, ಮತ್ತು ಆ ಜಾಗ ಈ ಪೆಪ್ಟೈಡಿಗೆ ಹೊಂದುತ್ತದೆ. ಬ್ಯಾಂಡಿನಲ್ಲಿರುವುದು ಪಿ0 ಅಥವಾ ಪಿಎಂಪಿ22 ಎಂಬುದು ಇನ್ನೂ ತಿಳಿದಿಲ್ಲ. ಇದೇ ಎಪಿಟೋಪನ್ನು ಹೋಲುವ ತುಣುಕಿರುವ ಬೇರೊಂದು ಪ್ರೋಟೀನನ್ನು ಪ್ರತಿಕಾಯ ತಪ್ಪಾಗಿ ಹಿಡಿದಿದ್ದರೂ ಪೆಪ್ಟೈಡು ಅದನ್ನೂ ಹೀಗೆಯೇ ಅಳಿಸಿಹಾಕುತ್ತದೆ. ಪ್ರತಿಕಾಯಗಳ ಪರೀಕ್ಷೆಗಾಗಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2016ರಲ್ಲಿ ಮುಂದಿಟ್ಟ ಐದು ಮುಖ್ಯ ವಿಧಾನಗಳಲ್ಲಿ ಪೆಪ್ಟೈಡ್ ತಡೆಗೆ ಜಾಗ ಸಿಗಲಿಲ್ಲ; ವಂಶವಾಹಿಯನ್ನು ತೆಗೆದು ನೋಡುವ ವಿಧಾನಕ್ಕೆ ಸಿಕ್ಕಿತು.

ಆದ್ದರಿಂದ ಇನ್ನೊಂದು ಸಾಕ್ಷ್ಯ ಬೇಕೇಬೇಕು. ಪಿ0 ವಿಷಯದಲ್ಲಿ ಪ್ರಕೃತಿಯೇ ಒಂದನ್ನು ಒದಗಿಸಿದೆ. ಸಸ್ತನಿಗಳ ಮಿದುಳು ಮತ್ತು ಕಣ್ಣಿನ ನರದ ಮೈಲಿನ್‌ನಲ್ಲಿ ಪಿ0 ಇಲ್ಲ. ಸಯಾಟಿಕ್ ನರದ ಪಕ್ಕದ ಬಾವಿಗೆ ಕಣ್ಣಿನ ನರದ ಮಾದರಿ ಹಾಕಿ. ಅಲ್ಲೂ ಅದೇ ತೂಕದ ಬ್ಯಾಂಡ್ ಬಂದು, ಪೆಪ್ಟೈಡಿನಿಂದ ಅದೂ ಮಾಯವಾದರೆ ನಿಮ್ಮ ಪ್ರತಿಕಾಯ ಬೇರೆ ಏನನ್ನೋ ಹಿಡಿಯುತ್ತಿದೆ. ಮೈಲಿನ್ ಬೇಸಿಕ್ ಪ್ರೋಟೀನು ಎರಡೂ ಕಡೆ ಇರುವುದರಿಂದ ಅದಕ್ಕೆ ಈ ಉಪಾಯ ನಡೆಯದು. ಬೇರೆ ಅಂಗಾಂಶಗಳಲ್ಲೂ ಕಾಣುವ ಪಿಎಂಪಿ22ಗೂ ಅಷ್ಟು ಸಲೀಸಲ್ಲ. ಪಿಎಂಪಿ22ಗೆ ಸಕ್ಕರೆ ಕತ್ತರಿಸುವ ಪಿಎನ್‌ಜಿಯೇಸ್ ಎಫ್ ಕಿಣ್ವ ನೆರವಾಗುತ್ತದೆ. ಕಿಣ್ವ ಹಾಕಿದಾಗ ಬ್ಯಾಂಡ್ 22ರಿಂದ ಸುಮಾರು 18 ಕಿಲೋಡಾಲ್ಟನ್ನಿಗೆ ಇಳಿಯಬೇಕು. ಪಿ0 ಇಲ್ಲದ ಮೌಸ್, ಅಂದರೆ ಸಣ್ಣ ಇಲಿ, 1992ರಿಂದಲೂ ಸಂಶೋಧನೆಯಲ್ಲಿದೆ. ಅದರ ನರದ ಮಾದರಿ ದೊರೆತರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಕಡಿಮೆ ಖರ್ಚಿನ ದಾರಿಯೆಂದರೆ ಬೇಕಾದ ವಂಶವಾಹಿಯನ್ನು ಸೇರಿಸಿದ ಮತ್ತು ಸೇರಿಸದ ಕೋಶಗಳನ್ನು ಅಕ್ಕಪಕ್ಕ ಓಡಿಸುವುದು.

ಪೆಪ್ಟೈಡಿಗೂ ಬಗ್ಗದ ಬ್ಯಾಂಡ್ ಉಳಿದರೆ ಮೊದಲು ನಾಲ್ಕನೇ ಪಟ್ಟಿ ನೋಡಿ. ಮೌಸ್‌ನ ಅಂಗಾಂಶದ ಮೇಲೆ ಮೌಸ್‌ನಲ್ಲೇ ತಯಾರಾದ ಪ್ರತಿಕಾಯ ಬಳಸಿದಾಗ ಎರಡನೇ ಪ್ರತಿಕಾಯವು ನರದಲ್ಲಿ ಉಳಿದ ರಕ್ತದ ಪ್ರತಿಕಾಯಗಳನ್ನೇ ಹಿಡಿಯುತ್ತದೆ. ಅವುಗಳ ತುಂಡುಗಳು 50 ಮತ್ತು 25 ಕಿಲೋಡಾಲ್ಟನ್ನಿನಲ್ಲಿ ಬರುತ್ತವೆ. ಈ 25 ಇದೆಯಲ್ಲ, ಅದು ಪಿ0 ಮತ್ತು ಪಿಎಂಪಿ22ಗಳ ನಡುವೆ ಬಂದು ಕೂರುತ್ತದೆ. ಎಷ್ಟೋ ಗೊಂದಲಗಳ ಮೂಲ ಇಲ್ಲಿದೆ. ಮೊಲದ ಪ್ರತಿಕಾಯಕ್ಕೆ ಬದಲಾಯಿಸಿ, ಅಥವಾ ಪ್ರಾಣಿಯ ರಕ್ತವನ್ನು ಲವಣದ್ರಾವಣದಿಂದ ಪೂರ್ತಿ ತೊಳೆದ ಮೇಲೆಯೇ ನರ ತೆಗೆಯಿರಿ.

ಇಡೀ ಪ್ರೋಟೀನನ್ನು ಚುಚ್ಚಿ ಪಡೆದ ಪಾಲಿಕ್ಲೋನಲ್ ಪ್ರತಿಕಾಯದಲ್ಲಿ ಹಲವು ಎಪಿಟೋಪುಗಳನ್ನು ಹಿಡಿಯುವವು ಬೆರೆತಿರುತ್ತವೆ. ಒಂದು ಪೆಪ್ಟೈಡಿನಿಂದ ಅದು ಪೂರ್ತಿ ನಿಲ್ಲುವುದಿಲ್ಲ. ಅದನ್ನು ವೈಫಲ್ಯವೆಂದು ಬರೆಯಬೇಡಿ.

ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ

ಅಂಗಾಂಶದ ತೆಳುಪದರಗಳಿಗೂ ಇದೇ ನಾಲ್ಕು ಬೆರಕೆಗಳು ಸಾಕು. ಪಕ್ಕಪಕ್ಕದ ಪದರಗಳನ್ನೇ ಬಳಸಿ, ಕ್ಯಾಮೆರಾದ ಬೆಳಕಿನ ಅವಧಿಯನ್ನು ಬದಲಿಸಬೇಡಿ. ಬಿಗಿಯಾಗಿ ಸುತ್ತಿದ ಮೈಲಿನ್‌ನೊಳಗೆ ಪ್ರತಿಕಾಯ ಸುಲಭವಾಗಿ ಇಳಿಯುವುದಿಲ್ಲ. ಆಗ ಉಂಗುರದ ಒಳ ಮತ್ತು ಹೊರ ಅಂಚು ಮಾತ್ರ ಹೊಳೆಯುತ್ತದೆ, ಪ್ರೋಟೀನು ಅಲ್ಲಿ ಮಾತ್ರ ಇದೆಯೆಂದು ಭ್ರಮೆಯಾಗುತ್ತದೆ. ಮೈನಸ್ 20 ಡಿಗ್ರಿಯ ಮೆಥನಾಲ್ ಅಥವಾ ಅಸಿಟೋನಿನಲ್ಲಿ ಹತ್ತು ನಿಮಿಷ ಇಟ್ಟರೆ ಕೊಬ್ಬು ಕರಗಿ ದಾರಿಯಾಗುತ್ತದೆ.

ಪೆಪ್ಟೈಡು ಕೆಲಸಕ್ಕೆ ಬಾರದ ಸಂದರ್ಭಗಳು

ರೋಗಿಗಳ ರಕ್ತದಲ್ಲಿರುವ ಪ್ರತಿಕಾಯಗಳನ್ನು ಪರೀಕ್ಷಿಸುವವರು ಇದನ್ನು ಗಮನವಿಟ್ಟು ಓದಬೇಕು. ಮ್ಯಾಗ್ ಎಂಬ ಮೈಲಿನ್ ಪ್ರೋಟೀನಿನ ವಿರುದ್ಧ ಐಜಿಎಂ ಎಂಬ ಬಗೆಯ ಪ್ರತಿಕಾಯ ಹುಟ್ಟುವ ನರರೋಗದಲ್ಲಿ ಆ ಪ್ರತಿಕಾಯ ಹಿಡಿಯುವುದು ಎಚ್‌ಎನ್‌ಕೆ-1 ಎಂಬ ಸಕ್ಕರೆ ರಚನೆಯನ್ನು. ಅದೇ ಸಕ್ಕರೆ ಪಿ0 ಮೇಲೂ ಇರುತ್ತದೆ. ಅಮೈನೋ ಆಮ್ಲಗಳ ಸರಪಳಿ ಮಾತ್ರವಾದ ಪೆಪ್ಟೈಡಿನಿಂದ ಅದನ್ನು ತಡೆಯಲಾಗದು, ಎಷ್ಟು ಹಾಕಿದರೂ ಅಷ್ಟೇ. ಗೀಯನ್-ಬರೇ ರೋಗದಲ್ಲಿ ಕಾಣುವ, ಗ್ಯಾಂಗ್ಲಿಯೋಸೈಡ್ (ಸಕ್ಕರೆ ಅಂಟಿದ ಕೊಬ್ಬು) ವಿರೋಧಿ ಪ್ರತಿಕಾಯಗಳಿಗೂ ಇದೇ ಮಾತು. ಪ್ರೋಟೀನು ಮಡಚಿಕೊಂಡಾಗ ದೂರದ ತುಣುಕುಗಳು ಹತ್ತಿರ ಬಂದು ರೂಪುಗೊಳ್ಳುವ ಎಪಿಟೋಪ್ ಆಗಿದ್ದರೆ ನೇರ ಸರಪಳಿಯ ಪೆಪ್ಟೈಡಿಗೆ ಆ ಆಕಾರವೇ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬ್ಲಾಕಿಂಗ್ ಪೆಪ್ಟೈಡು ಟ್ಯೂಬಿನೊಳಗಿನ ಸಾಧನ, ಔಷಧಿಯಲ್ಲ. ಪಿ2ರ 53ರಿಂದ 78ರವರೆಗಿನ ಪೆಪ್ಟೈಡನ್ನು ಅಡ್ಜುವೆಂಟ್ (ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವ ವಸ್ತು) ಜೊತೆ ಲೂಯಿಸ್ ತಳಿಯ ಇಲಿಗಳಿಗೆ ಚುಚ್ಚಿದರೆ ನರದ ಉರಿಯೂತ ಬರುತ್ತದೆ. ರೋಗದ ಮಾದರಿಯಾಗಿ ಅದನ್ನು ಬಳಸುವುದೂ ಉಂಟು.

ಪ್ರಬಂಧದಲ್ಲಿ ಏನು ಬರೆಯಬೇಕು

ಪ್ರತಿಕಾಯದ ಮತ್ತು ಪೆಪ್ಟೈಡಿನ ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಪೆಪ್ಟೈಡಿನ ಅನುಕ್ರಮ, ಎಣಿಕೆ ಮುಂಬಾಲ ಸೇರಿಸಿಯೋ ಬಿಟ್ಟೋ, ತೂಕದ ಹಾಗೂ ಅಣುಗಳ ಅನುಪಾತ, ಬೆರೆಸಿಟ್ಟ ಅವಧಿ ಮತ್ತು ಉಷ್ಣಾಂಶ. ನಾಲ್ಕೂ ಪಟ್ಟಿಗಳ ಪೂರ್ತಿ ಚಿತ್ರ ಕೊಡಿ, ಬೇಕಾದ ಬ್ಯಾಂಡಿನ ಸುತ್ತ ಕತ್ತರಿಸಿದ್ದನ್ನಲ್ಲ. ‘ಪ್ರತಿಕಾಯದ ನಿಖರತೆ ಸಾಬೀತಾಯಿತು’ ಎಂಬ ವಾಕ್ಯದ ಬದಲು ‘ಹೊಂದುವ ಪೆಪ್ಟೈಡಿನಿಂದ ಸಂಕೇತ ಇಳಿಯಿತು, ಕಲಸಿದ ಪೆಪ್ಟೈಡಿನಿಂದ ಇಳಿಯಲಿಲ್ಲ’ ಎಂದು ಬರೆದು, ಅದರ ಕೆಳಗೆ ಕಣ್ಣಿನ ನರದ್ದೋ ವಂಶವಾಹಿ ತೆಗೆದ ಇಲಿಯದ್ದೋ ಸಾಕ್ಷ್ಯವನ್ನು ಇಡಿ. ಲಾಟ್ ಬದಲಾದಾಗಲೆಲ್ಲ, ಮುಖ್ಯವಾಗಿ ಪಾಲಿಕ್ಲೋನಲ್ ಪ್ರತಿಕಾಯವಾದರೆ, ನಾಲ್ಕು ಪಟ್ಟಿಗಳ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು.